ಪತ್ರ ತೆಗೆಯಬೇಕು, ಗೂಡು ಉಳಿಯಬೇಕು

ನನ್ನ ಮೊಮ್ಮಗಳು ಚೈತ್ರಾಳ ಕೆಲಸ ನಿನ್ನೆ ಖಾಯಂ ಆಯಿತು! ಇದನ್ನು ಮೊದಲು ಹೇಳದೆ ಬೇರೇನು ಬರೆಯಲು ಕೂತರೂ ಕೈ ಓಡುವುದಿಲ್ಲ, ಅದಕ್ಕೇ ಹೇಳಿಬಿಟ್ಟೆ. ರಾಯದುರ್ಗದಲ್ಲಿ ನಾನು ದುಡಿಮೆಯ ಕಾಲವನ್ನೆಲ್ಲ ಕಳೆದ ಪ್ಯಾಂಟ್ ಹೊಲಿಯುವ ಯೂನಿಟ್ಟಿನ ಆಫೀಸಿನಲ್ಲೇ, ನಾನು ನೋಡಿಕೊಳ್ಳುತ್ತಿದ್ದ ಇ-ಮೇಲ್ ಪೆಟ್ಟಿಗೆಯ ಕೆಲಸಕ್ಕೇ ಅವಳನ್ನು ಇಟ್ಟುಕೊಂಡಿದ್ದಾರೆ. ಮೂರು ತಿಂಗಳು ನೋಡುತ್ತೇವೆ, ಆಮೇಲೆ ಹೇಳುತ್ತೇವೆ ಅಂದಿದ್ದರು. ನಿನ್ನೆ ಮಧ್ಯಾಹ್ನ ಅವಳು ಫೋನ್ ಮಾಡಿ, "ಆಯ್ತು ಕಣಜ್ಜಿ! ಇನ್ಮ್ಯಾಕೆ ನಾನು ಎಲ್ಲಿಗೂ ಹೋಗಲ್ಲ" ಅಂದಳು. ಒಲೆಯ ಮೇಲೆ ಹಾಲಿಟ್ಟಿದ್ದೆ. ಉಕ್ಕಿತು. ಉಕ್ಕಲಿ ಬಿಡು ಅಂತ ನೋಡುತ್ತಾ ನಿಂತೆ.

ಆಮೇಲೆ ಬೀದಿಗೆ ಹೋದೆ. ಹೂವಿನ ಈರಮ್ಮನಿಗೆ ಹೇಳಿದೆ. ಸೋಡಾ ಅಂಗಡಿಯವನಿಗೆ ಹೇಳಿದೆ. ಗುಮ್ಮಘಟ್ಟಕ್ಕೆ ಜನ ಕೂಗುತ್ತಿದ್ದ ಆಟೋದವನಿಗೂ ಹೇಳಿದೆ. ಅವನು "ಹೌದೇನಬೇ, ಭಾಳ ಚಲೋ ಆತು, ಹತ್ತು ಮತ್ತ, ಇನ್ನೊಂದೇ ಸೀಟು ಐತಿ" ಅಂದ. ನಾನು ಎಲ್ಲಿಗೂ ಹೋಗುವವಳಲ್ಲ, ಸುದ್ದಿ ಹೇಳಲು ನಿಂತವಳು ಅಂತ ಅವನಿಗೆ ತಿಳಿಸುವಷ್ಟರಲ್ಲಿ ಸಾಕಾಯಿತು. ಮನೆಗೆ ಬಂದರೆ ನಮ್ಮ ಯಜಮಾನರು ಜಗಲಿಯ ಮೇಲೆ ಕೂತು, "ಇನ್ನ ಕೋಟೆ ಮ್ಯಾಲಿನ ಮಂಗ್ಯಾಗಳು ಉಳಿದಾವ ನೋಡು, ಅವಕ್ಕೂ ಒಂದ್ ಮಾತು ಹೇಳಿ ಬಾ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಅದನ್ನು ನಾನು ನೋಡಲಿಲ್ಲ ಅನ್ನುವ ಹಾಗೆ ಒಳಗೆ ಹೋದೆ.

ಈ ಹುರುಪಿನಲ್ಲೇ ನನ್ನ ಕೆಲಸದ ಕಥೆಯನ್ನು ಬರೆಯುತ್ತಿದ್ದೇನೆ. ಚೈತ್ರಾಳಂಥ ಮಕ್ಕಳು ಇಂಥ ಕೆಲಸಕ್ಕೆ ಬರುತ್ತಿದ್ದಾರೆ. ಹೊರಗಿನಿಂದ ನೋಡಿದರೆ ಫ್ಯಾನಿನ ಕೆಳಗೆ ಕೂತು ಬೇಡದ ಪತ್ರ ಅಳಿಸುವುದು, ಇದೇನು ಮಹಾ ಅನ್ನಿಸುತ್ತದೆ. ಒಳಗೆ ಹೇಗಿರುತ್ತದೆ ಅಂತ ಮಾಡಿದವರೇ ಹೇಳಬೇಕು. ನನಗೆ ಓದು ಕಡಿಮೆ, ಐದನೇ ಕ್ಲಾಸು. ಕನ್ನಡ ಅಕ್ಷರ ಶಾಲೆಯಲ್ಲಿ ಕಲಿತೆ, ತೆಲುಗು ಅಕ್ಷರ ಬಸ್ಸಿನ ಬೋರ್ಡಿನಲ್ಲಿ ಕಲಿತೆ, ಇಂಗ್ಲಿಷ್ ಅಕ್ಷರ ಪ್ಯಾಂಟಿನ ಲೇಬಲ್ಲಿನಲ್ಲಿ ಕಲಿತೆ. ಬರೆದದ್ದನ್ನು ಚೈತ್ರಾ ತಿದ್ದಿಕೊಡುತ್ತಾಳೆ. ಸಂತೋಷವನ್ನು ಮಾತ್ರ ತಿದ್ದಬೇಡ ಕಣೇ ಅಂದಿದ್ದೇನೆ.

ನಾನು ಆ ಯೂನಿಟ್ಟಿಗೆ ಸೇರಿದ್ದು ಆಫೀಸು ಗುಡಿಸಿ ನೀರು ತುಂಬುವುದಕ್ಕೆ. ನಮ್ಮ ಯಜಮಾನರು ಅಲ್ಲಿ ಕಟಿಂಗ್ ಮಾಸ್ತರರು, ಅವರೇ ಸೇರಿಸಿದ್ದು. ಯೂನಿಟ್ಟಿನ ಧಣಿ ವೀರಭದ್ರಪ್ಪನವರನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಗುಡುಗಿನಂಥ ದನಿ. ಬೈದರೆ ಹೊಲಿಗೆ ಮೆಷಿನ್ನುಗಳೇ ನಿಂತುಬಿಡುತ್ತಿದ್ದವು. ಬೈದು ಅರ್ಧ ಗಂಟೆಯಾದ ಮೇಲೆ ತಾವೇ ಬಂದು "ಉಂಡ್ಯಾ?" ಅಂತ ಕೇಳುತ್ತಿದ್ದರು. ಅದೇ ಅವರ ಸಮಾಧಾನದ ಮಾತು, ಅದಕ್ಕಿಂತ ಹೆಚ್ಚಿಗೆ ಅವರ ಬಾಯಿಂದ ಬರುತ್ತಿರಲಿಲ್ಲ.

ಆಗ ಕಂಪ್ಯೂಟರ್ ಇರಲಿಲ್ಲ. ಊರೂರಿನ ಬಟ್ಟೆ ಅಂಗಡಿಯವರು, ನಾವು ಪಾರ್ಟಿ ಅನ್ನುತ್ತಿದ್ದೆವು, ಅಂಚೆಯಲ್ಲಿ ಪತ್ರ ಬರೆದು ಇಷ್ಟು ಪ್ಯಾಂಟು, ಇಂಥ ಅಳತೆ ಅಂತ ಕೇಳುತ್ತಿದ್ದರು. ಸಾವ್ಕಾರ್ರ ಹಿಂದಿನ ಗೋಡೆಯಲ್ಲಿ ಮರದ ಗೂಡುಗಳಿದ್ದವು, ಒಂದೊಂದು ಪಾರ್ಟಿಗೆ ಒಂದೊಂದು. ಬಂದ ಪತ್ರವನ್ನು ಅವರವರ ಗೂಡಿಗೆ ಹಾಕುವುದು ಹೇಗೋ ನನ್ನ ಕೆಲಸವಾಯಿತು. ಮೊದಲ ವಾರ ನನಗೆ ತಲೆಬುಡ ತಿಳಿಯಲಿಲ್ಲ. ಹಿರಿಯೂರು ಇದ್ದದ್ದು ಕಣೇಕಲ್ಲಿನ ಕೆಳಗೆ, ಪಾವಗಡ ಇದ್ದದ್ದು ಕಲ್ಯಾಣದುರ್ಗದ ಕೆಳಗೆ. ಊರಿನ ಲೆಕ್ಕವೂ ಅಲ್ಲ, ಅಕ್ಷರದ ಲೆಕ್ಕವೂ ಅಲ್ಲ. ನಾನು ಒಂದು ದಿನ ಉತ್ಸಾಹಪಟ್ಟು, ಹತ್ತಿರದ ಊರುಗಳನ್ನೆಲ್ಲ ಒಟ್ಟಿಗೆ ಬರುವ ಹಾಗೆ ಹೆಸರಿನ ಚೀಟಿಗಳನ್ನು ಬದಲಾಯಿಸಿದೆ. ಸಾವ್ಕಾರ್ರು ಒಳಗೆ ಬಂದವರು ಗೋಡೆ ನೋಡಿದರು. ಅವತ್ತು ಗುಡುಗಿದ ಗುಡುಗನ್ನು ನಮ್ಮ ಯಜಮಾನರು ಹಿಂದಿನ ಶೆಡ್ಡಿನಲ್ಲಿ ಕತ್ತರಿ ಹಿಡಿದುಕೊಂಡೇ ಕೇಳಿದರಂತೆ.

"ಯಾರನ್ನ ಕೇಳಿ ತೆಗದಿ?"

"ಚಂದ ಕಾಣ್ಲಿ ಅಂತ ರೀ..."

"ಚಂದಕ್ಕ ಮಾಡ್ಸಿದ್ದೇನು ಇದು? ಯಾರ ಕೈಹಿಡಕೊಂಡು ಯಾರು ಬಂದ್ರು ಅನ್ನೋದು ಐತಿ ಇದ್ರಾಗ!"

ಅರ್ಧ ಗಂಟೆಯಾದ ಮೇಲೆ "ಉಂಡ್ಯಾ?" ಅಂತ ಬಂದು, ನಿಧಾನವಾಗಿ ಹೇಳಿಕೊಟ್ಟರು. ಒಬ್ಬ ಪಾರ್ಟಿ ಇನ್ನೊಬ್ಬರನ್ನು ಪರಿಚಯ ಮಾಡಿಸಿ ಕರೆತಂದರೆ, ಹೊಸಬರ ಗೂಡು ಕರೆತಂದವರ ಗೂಡಿನ ಕೆಳಗೆ. ಅವರು ಮತ್ತೊಬ್ಬರನ್ನು ತಂದರೆ ಅದು ಇವರ ಕೆಳಗೆ. ಗೋಡೆ ನೋಡಿದರೆ ಯಾರಿಂದ ಯಾರು ಅಂತ ಕಾಣಬೇಕು. ಮೇಲಿನವರು ವ್ಯಾಪಾರ ಬಿಟ್ಟರೂ, ತೀರಿಹೋದರೂ, ಗೂಡು ಖಾಲಿ ಇರುತ್ತದೆಯೇ ಹೊರತು ಹೆಸರು ತೆಗೆಯುವ ಹಾಗಿಲ್ಲ. ತೆಗೆದರೆ ಕೆಳಗಿನವರು ಎಲ್ಲಿಂದ ಬಂದರು ಅನ್ನುವುದೇ ತಪ್ಪಿಹೋಗುತ್ತದೆ.

ಇದರಿಂದ ಏನು ಉಪಯೋಗ ಅಂತ ನೀವು ಕೇಳುತ್ತೀರಿ. ನಾನೂ ಮನಸ್ಸಿನಲ್ಲಿ ಕೇಳಿಕೊಂಡಿದ್ದೆ. ಉತ್ತರ ಆ ವರ್ಷದ ದಸರಾಕ್ಕೇ ಸಿಕ್ಕಿತು. ಹಿರಿಯೂರಿನ ಮಹಬೂಬ್ ಸಾಹೇಬರ ಅಂಗಡಿಗೆ ಹೋದ ಪ್ಯಾಂಟುಗಳ ಜಿಪ್ಪು ಒಂದೂ ಮೇಲಕ್ಕೆ ಬರುತ್ತಿರಲಿಲ್ಲ. ಹಬ್ಬದ ಸಮಯ. ಸಾಹೇಬರು ಕೆಂಡವಾದರು. ಸಾವ್ಕಾರ್ರು ಫೋನ್ ಮಾಡಿದರೆ ಎತ್ತಲಿಲ್ಲ, ಪತ್ರ ಬರೆದರೆ ಉತ್ತರವಿಲ್ಲ. ಸಾವ್ಕಾರ್ರು ಕುರ್ಚಿ ತಿರುಗಿಸಿ ಗೋಡೆ ನೋಡಿದರು. ಹಿರಿಯೂರಿನ ಮೇಲೆ ಕಣೇಕಲ್ಲಿನ ಬಸಣ್ಣನ ಗೂಡು. ಬಸಣ್ಣ ನಮ್ಮ ಪ್ಯಾಂಟುಗಳನ್ನು ಗಂಟು ಕಟ್ಟಿಕೊಂಡು ಸಂತೆ ಸಂತೆ ತಿರುಗಿ ಮಾರುತ್ತಿದ್ದ ಮನುಷ್ಯ. ಹೋದಲ್ಲೆಲ್ಲ ಸ್ನೇಹ, ಅವನು ಕರೆತಂದ ಪಾರ್ಟಿಗಳೇ ಗೋಡೆಯ ಒಂದು ಮೂಲೆ ತುಂಬ ಇದ್ದವು. ಅವನಿಗೆ ಹೇಳಿ ಕಳುಹಿಸಿದರು. ಅವನು ಕೆರೆಯ ಮೀನಿನಂತೆ ಜಿಗಿದುಕೊಂಡು ಬಂದ. ಹೇಗೆ ಒಪ್ಪಿಸಿದನೋ, ಎರಡು ದಿನದಲ್ಲಿ ಸಾಹೇಬರನ್ನು ಜೊತೆಗೇ ಕರೆದುಕೊಂಡು ಬಂದ. ನಾನು ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತರಿಸಿಟ್ಟೆ. ಮೂವರೂ ತಿನ್ನುತ್ತಾ ಕೂತರು. ಜಿಪ್ಪಿನ ಮಾತು ಕೊನೆಯ ಬಜ್ಜಿಯ ಹೊತ್ತಿಗೆ ಬಂತು, ಅಲ್ಲೇ ಮುಗಿಯಿತು. ಜಿಪ್ಪು ಬದಲಾಯಿಸಿಕೊಡುವುದು ಅಂತಾಯಿತು. ಅವತ್ತಿನಿಂದ ಆ ಗೋಡೆಯನ್ನು ನಾನು ಒರೆಸುವಾಗಲೂ ಮೆತ್ತಗೆ ಒರೆಸುತ್ತಿದ್ದೆ.

ಆಮೇಲೆ ಕಾಲ ತಿರುಗಿತು. ಕಂಪ್ಯೂಟರ್ ಬಂತು. ಪಾರ್ಟಿಗಳ ಮಕ್ಕಳು ಅಂಗಡಿಯಲ್ಲಿ ಕೂರತೊಡಗಿದರು, ಪತ್ರ ಹೋಗಿ ಮೇಲ್ ಬಂತು. ನಮ್ಮ ಲೆಕ್ಕದ ಗುಮಾಸ್ತರು ರಾಮಾಂಜನೇಯುಲು ಗಾರು ಎಲ್ಲಾ ಮೇಲನ್ನೂ ಒಂದೇ ರಾಶಿಯಲ್ಲಿ ಬಿಟ್ಟಿದ್ದರು. ಅವರಿಗೆ ಲೆಕ್ಕದ ಕೆಲಸವೇ ತಲೆಯವರೆಗೂ. ಸಾವ್ಕಾರ್ರು ನನ್ನ ಕಡೆ ಕೈ ತೋರಿಸಿ ಅವರಿಗೆ, "ಗೋಡಿ ಮ್ಯಾಲ ಹೆಂಗೈತೋ ಹಂಗ ಅದ್ರಾಗೂ ಆಗ್ಬೇಕು. ಗಂಗಮ್ಮಗ ಗೋಡಿ ಗೊತ್ತೈತಿ, ನಿನಗ ಮೆಷಿನ್ ಗೊತ್ತೈತಿ. ಇಬ್ರೂ ಕೂತು ಮಾಡ್ರಿ" ಅಂದರು.

ನಾವಿಬ್ಬರೂ ಕೂತೆವು. ನಾನು ಗೋಡೆ ನೋಡಿ ಹೇಳುವುದು, ಅವರು ಕಂಪ್ಯೂಟರಿನಲ್ಲಿ ಗೂಡು ಮಾಡುವುದು. ಅದಕ್ಕೆ ಫೋಲ್ಡರ್ ಅನ್ನುತ್ತಾರೆ ಅಂದರು. ನಾನು ಇಂದಿಗೂ ಗೂಡು ಅಂತಲೇ ಅನ್ನುವುದು. ಗೂಡಿನೊಳಗೆ ಗೂಡು, ಅದರೊಳಗೆ ಗೂಡು. ಬಸಣ್ಣನ ಸರದಿ ಬಂದಾಗ ರಾಮಾಂಜನೇಯುಲು ಗಾರು ಕೈ ನಿಲ್ಲಿಸಿದರು. "ಗಂಗಮ್ಮಾ, ಬಸಣ್ಣನಿಗೆ ಮೇಲ್ ಅಂದ್ರೆ ಏನು ಅಂತಾನೇ ತಿಳೀದಮ್ಮಾ. ಸಹಿ ಹಾಕೋಕೇ ನಾಲ್ಕು ಸಾರಿ ಪೆನ್ನು ಒದರ್ತಾನೆ. ಆಯನಿಗೆ ಗೂಡು ಎಂದುಕು, ಯಾಕೆ ಬೇಕು?"

"ಅವನ ಕೆಳಗೆ ಇರೋರು ಎಲ್ಲಿ ಕೂಡ್ಬೇಕು ರೀ?" ಅಂದೆ.

ಅವರು ನಕ್ಕು, ಖಾಲಿ ಗೂಡು ಮಾಡಿ, ಅದರೊಳಗೆ ಹಿರಿಯೂರು, ಚಳ್ಳಕೆರೆ ಎಲ್ಲಾ ಕೂರಿಸಿದರು. ಒಂದೂ ಮೇಲ್ ಬರೆಯದ ಬಸಣ್ಣ ಹೀಗೆ ನಮ್ಮ ಮೇಲ್ ಪೆಟ್ಟಿಗೆಯಲ್ಲಿ ಮನೆ ಮಾಡಿಕೊಂಡ. ಅವನಿಗೆ ತೋರಿಸಿದಾಗ ಕಂಪ್ಯೂಟರಿನ ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ನನ್ನ ಹೆಸ್ರು ಕರೆಂಟ್ನಾಗ ಐತೇನಬೇ ಗಂಗಮ್ಮ!" ಅಂತ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಇಲಿ ಹಿಡಿಯುವುದು, ಅದೇ ಮೌಸು, ನನಗೆ ಬಲು ಕಷ್ಟವಾಯಿತು. ಮೇಜಿನ ತುದಿಗೆ ಬಂದಾಗ ಮೌಸನ್ನು ಎತ್ತಿ ಗಾಳಿಯಲ್ಲಿ ಓಡಿಸುತ್ತಿದ್ದೆ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಇಸ್ತ್ರಿ ಪೆಟ್ಟಿಗಿ ತಿರುವಿದಂಗ ತಿರುವ್ತಾಳ ನೋಡ್ರಿ" ಅಂತ ಎಲ್ಲರನ್ನೂ ಕರೆದು ತೋರಿಸಿದರು. ನಗಲಿ. ಕಲಿತೆ.

ಈಗ ಕೇಳಿ, ಈ ಕೆಲಸದ ನಿಜವಾದ ಕಷ್ಟ ಎಲ್ಲಿ ಅಂತ. ಮೇಲ್ ಪೆಟ್ಟಿಗೆಗೂ ಹೊಟ್ಟೆ ಇಷ್ಟೇ ಅಂತ ಇರುತ್ತದೆ. ತುಂಬಿದರೆ ಹೊಸದನ್ನು ಒಳಗೆ ಬಿಡುವುದಿಲ್ಲ. ಹಬ್ಬಕ್ಕೆ ಮುಂಚೆ, ಶಾಲೆ ತೆರೆಯುವುದಕ್ಕೆ ಮುಂಚೆ ಬರುವ ಆರ್ಡರು ಬಾಗಿಲಿಂದಲೇ ವಾಪಸ್. ಆರ್ಡರು ವಾಪಸ್ಸಾದರೆ ಹೊಲಿಯುವ ಹೆಂಗಸರಿಗೆ ಕೆಲಸವಿಲ್ಲ. ಅದಕ್ಕೆ ಹಳೆಯ ಮೇಲುಗಳನ್ನು ಆಗಾಗ ತೆಗೆಯುತ್ತಿರಬೇಕು, ಗೂಡುಗಳು ಮಾತ್ರ ಇದ್ದ ಹಾಗೇ ಉಳಿಯಬೇಕು. ಸೊಪ್ಪಿನ ಮಡಿಯಲ್ಲಿ ಕಳೆ ಕಿತ್ತ ಹಾಗೆ, ಬದು ಒಡೆಯಬಾರದು.

ಮೊದಲ ಸಲ ಪೆಟ್ಟಿಗೆ ತುಂಬಿದಾಗ ಸಾವ್ಕಾರ್ರು ಆ ಕೆಲಸ ನನಗೆ ಕೊಟ್ಟರು. ಹಗಲು ಕಂಪ್ಯೂಟರಿನಲ್ಲಿ ರಾಮಾಂಜನೇಯುಲು ಗಾರು ಇರುತ್ತಿದ್ದರು. ಅವರು ಎದ್ದ ಮೇಲೆ, ಸಂಜೆ, ದೇವರ ಪಟದ ಮುಂದೆ ದೀಪ ಹಚ್ಚಿ ನಾನು ಕೂರುತ್ತಿದ್ದೆ. ಒಂದೊಂದೇ ಗೂಡು ತೆರೆದು, ಹಳೆಯ ಹಬ್ಬದ ಶುಭಾಶಯ, ಲಾರಿ ಹೊರಟಿತು, ಲಾರಿ ಬಂತು, ಇಂಥವನ್ನೆಲ್ಲ ಅಳಿಸುತ್ತಿದ್ದೆ. ಅಳಿಸಿದ್ದು ಪಕ್ಕದ ಕಸದ ಬುಟ್ಟಿಗೆ ಬೀಳುತ್ತಿತ್ತು. ವಾರಗಟ್ಟಲೆ ಬೆನ್ನು ನೋಯುವ ಹಾಗೆ ಮಾಡಿದೆ. ಒಂದು ಬೆಳಿಗ್ಗೆ ಚಳ್ಳಕೆರೆಯವರ ಫೋನು, "ಏನ್ರಿ, ನಮ್ ಮೇಲ್ ನಿಮ್ಮ ಬಾಗಿಲಿಗೆ ಬಂದು ವಾಪಸ್ ಬರ್ತೈತಿ, ನಮ್ಮ ಆರ್ಡರ್ ಬ್ಯಾಡೇನು?"

ಸಾವ್ಕಾರ್ರು ಗುಡುಗಿದರು. ನಾನು ಅಷ್ಟು ಅಳಿಸಿದ್ದೇನೆ, ಹೇಗೆ ತುಂಬಿತು ಅಂತ ಅಳು ಬಂತು. ರಾಮಾಂಜನೇಯುಲು ಗಾರು ಕನ್ನಡಕ ಏರಿಸಿಕೊಂಡು ನೋಡಿದರು. ನೋಡುತ್ತಾ ನೋಡುತ್ತಾ ಅವರ ಹೊಟ್ಟೆ ಕುಲುಕತೊಡಗಿತು.

"ಅಮ್ಮಾ ತಲ್ಲೀ, ಕಸ ಎಲ್ಲಾ ಬುಟ್ಟಿಯಲ್ಲೇ ಇದೆಯಲ್ಲಮ್ಮಾ! ಬುಟ್ಟಿ ಹೊರಗೆ ಚೆಲ್ಲಿದರೆ ತಾನೆ ಜಾಗ ಆಗೋದು? ಯಾಕೆ ಚೆಲ್ಲಲಿಲ್ಲ?"

"ನಾನು ಕೂರೋದೇ ದೀಪ ಹಚ್ಚಿದ ಮ್ಯಾಲೆ ರೀ," ಅಂದೆ. "ದೀಪ ಹಚ್ಚಿದ ಮ್ಯಾಲೆ ಕಸ ಹೊರಗ ಹಾಕ್ತಾರೇನು?"

ನಮ್ಮ ಮನೆಗಳಲ್ಲಿ ಸಂಜೆ ಗುಡಿಸಿದ ಕಸವನ್ನು ಮೂಲೆಯಲ್ಲಿ ಒತ್ತರಿಸಿ, ಬೆಳಿಗ್ಗೆ ಎದ್ದು ಆಚೆ ಹಾಕುತ್ತೇವೆ. ದೀಪದ ಹೊತ್ತಿಗೆ ಕಸ ಹಾಕಿದರೆ ಅದರ ಜೊತೆ ಲಕ್ಷ್ಮಿಯೂ ಹೊರಗೆ ಹೋಗುತ್ತಾಳೆ ಅಂತ ನನ್ನ ಅವ್ವ ಹೇಳಿಕೊಟ್ಟದ್ದು. ನನ್ನ ಕೈ ಕಂಪ್ಯೂಟರಿನಲ್ಲೂ ಅದನ್ನೇ ಮಾಡಿತ್ತು. ಬೆಳಿಗ್ಗೆ ಚೆಲ್ಲೋಣ ಅಂದರೆ ಬೆಳಿಗ್ಗೆ ಕಂಪ್ಯೂಟರು ನನ್ನ ಕೈಗೆ ಸಿಗುತ್ತಿರಲಿಲ್ಲ. ರಾಮಾಂಜನೇಯುಲು ಗಾರು ಮೇಜು ಬಡಿದು ನಕ್ಕರು. ನಾನು ಸಾವ್ಕಾರ್ರ ಮುಖ ನೋಡಿದೆ. ಅವರು ನಗಲಿಲ್ಲ. ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ, ಗಲ್ಲ ಕೆರೆದುಕೊಂಡು ಹೇಳಿದರು. "ಆಕಿ ಹೇಳೋದ್ರಾಗ ತಪ್ಪೇನೈತಿ? ಸಂಜಿಗೆ ತೆಗೀಲಿ. ರಾತ್ರಿ ಅಲ್ಲೇ ಇರ್ಲಿ. ಮುಂಜಾನಿ ಪೂಜೆ ಆದ ಮ್ಯಾಲ ಒಂದ್ಸಲ ಕಣ್ಣಾಡ್ಸಿ ಚೆಲ್ಲಲಿ. ಮುಂಜಾನಿ ಮೊದಲನೇ ಅರ್ಧ ತಾಸು ಮೆಷಿನ್ ಗಂಗಮ್ಮಂದು."

ಅದೇ ಆಫೀಸಿನ ಪದ್ಧತಿಯಾಯಿತು. ಸಂಜೆಯ ಕಣ್ಣಿಗೆ ಕಸ ಅನಿಸಿದ್ದು ಬೆಳಗಿನ ಕಣ್ಣಿಗೆ ಕೆಲವು ಸಲ ಬೇಕಾದದ್ದು ಅನಿಸುತ್ತಿತ್ತು. ತೆಗೆದು ಮತ್ತೆ ಗೂಡಿಗೆ ಹಾಕುತ್ತಿದ್ದೆ. ನಾನು ಕೆಲಸ ಬಿಡುವವರೆಗೂ ಪೆಟ್ಟಿಗೆ ಮತ್ತೆ ತುಂಬಲಿಲ್ಲ.

ನಾನು ಮನೆಗೆ ಬಂದ ಮೇಲೆ ಸಾವ್ಕಾರ್ರೂ ಯೂನಿಟ್ಟನ್ನು ಸೊಸೆ ಶಿವಲೀಲಮ್ಮನವರ ಕೈಗೆ ಕೊಟ್ಟು ವಿಶ್ರಾಂತಿ ತೆಗೆದುಕೊಂಡರು. ಶಿವಲೀಲಮ್ಮ ಚುರುಕು, ಮಾವನಂತೆ ಗುಡುಗುವುದಿಲ್ಲ. ಸುಮ್ಮನೆ ನೋಡುತ್ತಾರೆ, ಅದು ಗುಡುಗಿಗಿಂತ ಭಯ. ಮೇಲ್ ಕೆಲಸವನ್ನು ಬಂದವರು ಹೋದವರು ನೋಡಿಕೊಂಡರು, ಪೆಟ್ಟಿಗೆ ಮತ್ತೆ ಕಂಠದವರೆಗೆ ತುಂಬಿತು. ಶಾಲೆಗಳು ತೆರೆಯುವ ಕಾಲ ಹತ್ತಿರ. ಆಗ ಚೈತ್ರಾಳನ್ನು ಕರೆದು, ಮೂರು ತಿಂಗಳು ನೋಡುತ್ತೇವೆ ಅಂದದ್ದು.

ಚೈತ್ರಾ ನನ್ನ ಮಗಳು ಲಕ್ಷ್ಮಿಯ ಮಗಳು. ಲಕ್ಷ್ಮಿಯನ್ನು ರೊಳ್ಳಕ್ಕೆ ಕೊಟ್ಟಿದ್ದೇವೆ. ಮಗಳು ಅಳಿಯ ವರ್ಷದಲ್ಲಿ ಅರ್ಧ ಕಾಲ ಕೆಲಸ ಇದ್ದ ಕಡೆ ಹೋಗುವವರು, ಒಂದು ವರ್ಷ ಕಟ್ಟಡ, ಒಂದು ವರ್ಷ ಇಟ್ಟಿಗೆ ಭಟ್ಟಿ. ಈ ಹುಡುಗಿ ಅವರ ಗಂಟಿನ ಜೊತೆಗೆ ಊರೂರು ತಿರುಗಿ, ಶಾಲೆ ಬದಲಾಯಿಸಿ ಬದಲಾಯಿಸಿ, ಹೇಗೋ ಮಡಕಶಿರಾದಲ್ಲಿ ಡಿಗ್ರಿ ಮುಗಿಸಿದಳು. ನನ್ನ ಮನೆಗೆ ಬಂದ ದಿನ ಬಟ್ಟೆಯ ಬ್ಯಾಗನ್ನು ಬಿಚ್ಚಲೇ ಇಲ್ಲ. ಗೂಡಿಗೆ ಬಟ್ಟೆ ಎತ್ತಿಡೇ ಅಂದರೆ, "ತಾಳಜ್ಜಿ, ಖಾಯಂ ಆಗ್ಲಿ. ಒಂದೇ ಊರ್ನಾಗೆ ಎರಡು ಉಗಾದಿ ಕಾಣ್ಬೇಕು ಅಂತ ನಂಗೊಂದು ಆಸೆ. ಬಿಚ್ಚಿ ಮತ್ತೆ ಕಟ್ಟೋದು ನನ್ ಕೈಲಾಗಲ್ಲ" ಅಂದಳು. ಕೆಲಸ ಸಿಗದಿದ್ದರೆ ಈ ಮಳೆಗಾಲ ಕಳೆದ ಮೇಲೆ ಅವಳೂ ಅಪ್ಪ ಅಮ್ಮನ ಜೊತೆ ಕೂಲಿಗೆ ಹೊರಡಬೇಕು.

ಅವಳು ಮಾಡುವ ರೀತಿ ಬೇರೆ. ನಾನು ಹಳೆಯದರಿಂದ ಶುರುಮಾಡಿ ಒಂದೊಂದೇ ಓದಿ ತೆಗೆಯುತ್ತಿದ್ದೆ. ಅವಳು ಭಾರ ನೋಡಿ ಸಾಲು ನಿಲ್ಲಿಸಿದಳು, ದಪ್ಪಗಿರುವುದು ಮೇಲೆ, ಸಣ್ಣದು ಕೆಳಗೆ.

"ಅಜ್ಜಿ, ನೀನು ವಾರಗಟ್ಲೆ ಅಳಿಸಿದ್ದೆಲ್ಲ ಸೊಳ್ಳೆ ಕಣಜ್ಜಿ. ಆನೆಗಳು ಹಂಗೇ ನಿಂತವೆ ನೋಡಿಲ್ಲಿ" ಅಂತ ಮನೆಯಲ್ಲಿ ಚೀಟಿಯ ಮೇಲೆ ಚಿತ್ರ ಬರೆದು ತೋರಿಸಿದಳು. ಆನೆ ಅಂದರೆ ಮೇಲ್ ಜೊತೆ ಅಂಟಿಕೊಂಡು ಬರುವ ಫೋಟೋಗಳು. ಜೇಬಿನ ಫೋಟೋ, ಗುಂಡಿಯ ಫೋಟೋ, ಅಂಗಡಿ ಪೂಜೆಯ ಫೋಟೋ. ಅವಳು ಆ ಫೋಟೋಗಳನ್ನು ಕಂಪ್ಯೂಟರಿನಲ್ಲೇ ಬೇರೆ ಡಬ್ಬಿಗೆ ಇಳಿಸಿ, ಆ ಮೇಲ್‌ನಿಂದ ಕಳಚಿ, ಮಾತನ್ನು ಮಾತ್ರ ಗೂಡಿನಲ್ಲಿ ಉಳಿಸುತ್ತಾ ಹೋದಳು. ಪತ್ರವೂ ಉಳಿಯಿತು, ಭಾರವೂ ಇಳಿಯಿತು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲ.

"ಭಲೇ," ಅಂದೆ. "ಒಂದೇ ಮಾತು ಕೇಳು. ಕಸದ ಬುಟ್ಟಿ ಮಾತ್ರ ಬೆಳಿಗ್ಗೆ ಚೆಲ್ಲು."

"ಅಯ್ಯೋ, ಅದು ಕಂಪ್ಯೂಟರ್ ಅಜ್ಜಿ! ಲಕ್ಷ್ಮಿ ಅದ್ರಾಗೆ ಯಾಕೆ ಕೂತ್ಕಂತಾಳೆ?"

"ಅವಳೆಲ್ಲಿ ಕೂತಿದಾಳೋ ನೀನು ಕಂಡಿದ್ದೀಯಾ?"

ಅವಳು ನಕ್ಕು, ಅಜ್ಜಿಯ ಮಾತಿಗೆ ಅಂತ ಒಪ್ಪಿಕೊಂಡಳು.

ಮೂರು ತಿಂಗಳು ಮುಗಿಯಲು ಒಂದು ವಾರ ಇರುವಾಗ ಆ ಸಂಜೆ ಬಂತು. ಪೆಟ್ಟಿಗೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಇನ್ನು ಸ್ವಲ್ಪ ಅಚ್ಚುಕಟ್ಟು ಮಾಡೋಣ ಅಂತ ಅವಳು ಖಾಲಿ ಗೂಡುಗಳ ಕಡೆ ಹೋಗಿದ್ದಾಳೆ. ಗೂಡು ತೆಗೆಯಬಾರದು ಅಂತ ಶಿವಲೀಲಮ್ಮ ಹೇಳಿದ್ದರು, ಹೇಳಿರಲಿಲ್ಲ ಅಂತಲ್ಲ. ಆದರೆ ಇದೊಂದು ಹೆಸರಿಗೆ ಹುಟ್ಟಿದಾಗಿನಿಂದ ಒಂದೂ ಮೇಲ್ ಬಂದಿಲ್ಲ, ಹೋಗಿಲ್ಲ. ಯಾರೋ ಕೈತಪ್ಪಿ ಮಾಡಿದ ಗೂಡು ಇರಬೇಕು ಅಂದುಕೊಂಡಳು. ಅಳಿಸಲೇ ಅಂತ ಕಂಪ್ಯೂಟರು ಕೇಳಿತು, ಹೂಂ ಅಂದಳು. ಹೆಸರಿನ ಪಕ್ಕದ ಚಿಕ್ಕ ಬಾಣವನ್ನು ಒತ್ತಿದ್ದರೆ ಒಳಗಿನ ಗೂಡುಗಳು ಕಾಣುತ್ತಿದ್ದವು. ಒತ್ತಲಿಲ್ಲ. ಕಣೇಕಲ್ಲಿನ ಬಸಣ್ಣ, ಅವನು ತೀರಿಹೋಗಿ ಎಷ್ಟೋ ಕಾಲವಾಯಿತು, ತನ್ನ ಹಿರಿಯೂರು ಚಳ್ಳಕೆರೆಗಳನ್ನೆಲ್ಲ ಮಡಿಲಲ್ಲಿ ಕಟ್ಟಿಕೊಂಡು ಕಸದ ಬುಟ್ಟಿಗೆ ಬಿದ್ದ.

ಅವಳು ಮನೆಗೆ ಬಂದು ಖುಷಿಯಾಗಿ ಉಂಡು ಮಲಗಿದಳು. ಬೆಳಿಗ್ಗೆ ಆಫೀಸಿಗೆ ಕಾಲಿಡುವಾಗ ಶಿವಲೀಲಮ್ಮ ಫೋನಿನಲ್ಲಿದ್ದರು. ಹಿರಿಯೂರಿನ ಅಂಗಡಿಯಿಂದ, ಈಗ ಮಹಬೂಬ್ ಸಾಹೇಬರ ಮಗ. ಶಾಲೆಯ ಪ್ಯಾಂಟುಗಳು, ಹೋದ ವರ್ಷದ ಅಳತೆಯೇ ಹಾಕಿ, ಇವತ್ತೇ ಕಟಿಂಗ್ ಶುರುಮಾಡಿ ಅನ್ನುತ್ತಿದ್ದರು.

"ಚೈತ್ರಾ, ಹಿರಿಯೂರಿನ ಹ್ವಾದ ವರ್ಷದ ಅಳತಿ ತೆಗಿ."

ಇವಳು ನೋಡುತ್ತಾಳೆ, ಹಿರಿಯೂರಿನ ಗೂಡೇ ಇಲ್ಲ. ಬಿಚ್ಚದ ಬ್ಯಾಗೇ ಕಣ್ಣ ಮುಂದೆ ಬಂತಂತೆ. ಹುಡುಕಿದಳು, ಇಲ್ಲ. ಶಿವಲೀಲಮ್ಮ ಫೋನಿನ ಮೇಲೆ ಕೈ ಮುಚ್ಚಿ, ಸುಮ್ಮನೆ ನೋಡಿದರು. ಅವರ ಆ ನೋಟ.

ಇಲ್ಲಿ ನನ್ನ ಮೊಮ್ಮಗಳು ಮಾಡಿದ್ದನ್ನು ಬರೆಯುವಾಗ ನನಗೆ ಮತ್ತೆ ಹಾಲುಕ್ಕಿದ ಹಾಗಾಗುತ್ತದೆ. ಅವಳು ನೆಟ್ ಇಲ್ಲ ಅನ್ನಬಹುದಿತ್ತು. ಕಂಪ್ಯೂಟರ್ ನಿಧಾನ ಅನ್ನಬಹುದಿತ್ತು. ಎಷ್ಟು ಜನ ಹಾಗಂದು ಪಾರಾಗಿಲ್ಲ! ಅವಳು ಎದ್ದು ನಿಂತು ಹೇಳಿದಳು. "ಮೇಡಂ, ನಿನ್ನೆ ಸಂಜೆ ನಾನು ಏನೋ ಕೈಯಾರೆ ತೆಗೆದಿದ್ದೀನಿ. ಇದು ಅದ್ರ ಜೊತೆಗೆ ಹೋಗೈತೆ ಅನ್ಸುತ್ತೆ. ಒಸಿ ಟೈಮ್ ಕೊಡಿ, ಬುಟ್ಟಿ ಇನ್ನೂ ಚೆಲ್ಲಿಲ್ಲ."

"ಯಾಕ ಚೆಲ್ಲಿಲ್ಲ?"

"ದೀಪ ಹಚ್ಚಿದ್ ಮ್ಯಾಕೆ ಚೆಲ್ಬಾರ್ದು ಅಂತ ಅಜ್ಜಿ..."

ಬುಟ್ಟಿ ತೆರೆದಳು. ಬಸಣ್ಣ ಅಲ್ಲೇ ಇದ್ದ. ಈ ಸಲ ಚಿಕ್ಕ ಬಾಣ ಒತ್ತಿದಳು. ಹಿರಿಯೂರು, ಚಳ್ಳಕೆರೆ, ಇನ್ನೂ ಯಾರ್ಯಾರೋ ಸಾಲಾಗಿ ಇಳಿದರು. ಎಲ್ಲವನ್ನೂ ಎತ್ತಿ ಮೊದಲಿದ್ದ ಜಾಗಕ್ಕೆ ಕೂರಿಸಿ ಅಳತೆ ತೆಗೆದು ಓದಿದಳು. ಶಿವಲೀಲಮ್ಮ ಅದನ್ನು ಫೋನಿನಲ್ಲಿ ಹೇಳಿ ಕೆಳಗಿಟ್ಟರು. ಎದ್ದು ಕಟಿಂಗ್ ಶೆಡ್ಡಿನ ಕಡೆ ಹೋದರು.

ಕೆಲಸ ಉಳಿಯುತ್ತದೋ ಇಲ್ಲವೋ ಅಂತ ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ವಾರ ಯಾರಿಗೂ ಊಟ ಸೇರಲಿಲ್ಲ. ಚೈತ್ರಾ ಮಾತ್ರ ಕೈಕಟ್ಟಿ ಕೂರಲಿಲ್ಲ. ಉಳಿದ ಪ್ರತಿಯೊಂದು ಖಾಲಿ ಗೂಡಿನ ಬಾಣ ಒತ್ತಿ, ಒಳಗೆ ಯಾರಿದ್ದಾರೆ ಅಂತ ನೋಡಿದಳು. ಸಂಜೆ ನನ್ನ ಮುಂದೆ ಕೂತು, ಇವರು ಯಾರಜ್ಜಿ, ಇವರನ್ನ ಯಾರು ಕರ್ಕಂಬಂದ್ರು ಅಂತ ಕೇಳಿದಳು. ನಾನು ಬಸಣ್ಣನ ಕಥೆ ಹೇಳಿದೆ, ಜಿಪ್ಪಿನ ಕಥೆ ಹೇಳಿದೆ. ಅವಳು ಪ್ರತಿ ಖಾಲಿ ಗೂಡಿನಲ್ಲೂ, ಇವರು ಇಂಥವರು, ಇವರ ಕೆಳಗೆ ಇರುವವರಿಗಾಗಿ ಈ ಗೂಡು ಇದೆ, ತೆಗೆಯಬೇಡಿ ಅಂತ ಒಂದು ಸಣ್ಣ ಮೇಲ್ ಬರೆದು ಇಟ್ಟಳು. ನಾಳೆ ಅವಳ ಜಾಗಕ್ಕೆ ಬರುವವರು ಯಾರೇ ಆಗಲಿ, ಅವರಿಗೆ ಗೋಡೆ ನೋಡಿದ ಅಜ್ಜಿ ಬೇಕಾಗಿಲ್ಲ. ನನಗೆ ಹೊಳೆಯದ ಎರಡನೇ ಕೆಲಸ ಅದು.

ನಿನ್ನೆ ಶಿವಲೀಲಮ್ಮ ಕರೆದು ಹೇಳಿದರಂತೆ. "ಪೆಟ್ಟಿಗಿ ಖಾಲಿ ಮಾಡೋರು ಬೇಕಾದಷ್ಟು ಮಂದಿ ಸಿಗ್ತಾರವ್ವ. ತಪ್ಪಾತು ಅಂತ ನನ್ನ ಮಾರಿ ನೋಡಿ ಹೇಳೋರು ಸಿಗೂದಿಲ್ಲ. ಇಲ್ಲೇ ಇರು." ಈ ಕೆಲಸಕ್ಕೆ ಬರುವ ಮಕ್ಕಳೇ, ಕೈತಪ್ಪುವುದು ಎಲ್ಲರಿಗೂ ಆಗುತ್ತದೆ. ತಪ್ಪಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಡಿ, ನನಗೆ ಹೇಳಲು ಇರುವುದು ಇಷ್ಟೇ.

ಲಕ್ಷ್ಮಿಗೂ ಅಳಿಯಂದಿರಿಗೂ ಸುದ್ದಿ ಮುಟ್ಟಿದ್ದೇ ತಡ, ಕೆಲಸ ಬಿಟ್ಟು ಬಸ್ಸು ಹತ್ತಿ, ಬಸ್ಸು ಬದಲಾಯಿಸಿ, ನಿನ್ನೆ ಸಂಜೆಗೇ ಬಂದಿಳಿದರು. ಅಳಿಯ ಹನುಮಂತರಾಯರು ಬಾಗಿಲಲ್ಲೇ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತರು, ಒಳಗೆ ಬರುವುದನ್ನೇ ಮರೆತು. ನಾನು ಶೇಂಗಾ ಹೋಳಿಗೆ ತಟ್ಟಿದ್ದೆ, ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ, ಅನ್ನ, ಸಾರು. ಅಳಿಯಂದಿರಿಗೆ ಮುದ್ದೆ ಇಲ್ಲದೆ ಆಗುವುದಿಲ್ಲ ಅಂತ ಒಂದು ಪಾತ್ರೆ ರಾಗಿ ಮುದ್ದೆಯನ್ನೂ ಮಾಡಿದ್ದೆ.

"ಅತ್ತೆ, ಕಡ್ಲೆಕಾಯಿ ಒಬ್ಬಟ್ಟು ಭಾಳ ಚೆನ್ನಾಗೈತೆ" ಅಂದರು ಅಳಿಯ.

"ಶೇಂಗಾ ಹೋಳಿಗಿ ಅನ್ರಿ. ರಾಯದುರ್ಗದಾಗ ಕೂತು ರೊಳ್ಳದ ಹೆಸರಿಟ್ರ ಎರಡನೇದು ಹಾಕಂಗಿಲ್ಲ" ಅಂದರು ನಮ್ಮ ಯಜಮಾನರು.

"ಹೆಸ್ರು ಯಾವುದಾದ್ರೂ ಇರ್ಲಿ ಮಾವ, ತುಪ್ಪ ಈ ಕಡೆ ಬರ್ಲಿ."

ನಗುತ್ತಾ ಎಲ್ಲರೂ ಸು‌ತ್ತ ಕೂತೆವು, ಐದು ಜನ, ಐದು ತಟ್ಟೆ. ಲಕ್ಷ್ಮಿ ಮಗಳ ತಟ್ಟೆಯನ್ನೇ ನೋಡುತ್ತಾ ಉಣ್ಣುತ್ತಿದ್ದಳು. ಅಷ್ಟರಲ್ಲಿ ಚೈತ್ರಾಳ ಫೋನು ಟಿಣ್ ಅಂತು. ಆಫೀಸಿನ ಮೇಲ್ ಈಗ ಅವಳ ಫೋನಿಗೂ ಬರುತ್ತದೆ. ಯಾವುದೋ ಪಾರ್ಟಿ, ಯಾವುದೋ ಆರ್ಡರು. ಬಾಗಿಲಿಂದ ವಾಪಸ್ ಹೋಗದೆ ಒಳಗೆ ಬಂದಿದೆ. ನಾನು ಎಡಗೈ ಊರಿ ಅರ್ಧ ಎದ್ದುಬಿಟ್ಟಿದ್ದೆ, ಯಾರದು, ಯಾವ ಗೂಡಿನದು ಅಂತ ನೋಡುವುದಕ್ಕೆ.

ಚೈತ್ರಾ ಎಡಗೈಯಲ್ಲಿ ನನ್ನ ಭುಜ ಹಿಡಿದು ಕೂರಿಸಿದಳು. "ಅಜ್ಜಿ, ಅದು ನನ್ ಕೆಲ್ಸ. ಬೆಳಿಗ್ಗೆ ಹೋಗಿ ಗೂಡಿಗೆ ಹಾಕ್ತೀನಿ. ನೀನು ಉಣ್ಣು."

ಅವಳೇ ಇನ್ನೊಂದು ಹೋಳಿಗೆ ತೆಗೆದು ನನ್ನ ತಟ್ಟೆಗೆ ಹಾಕಿ, ಮೇಲೆ ತುಪ್ಪ ಸುರಿದಳು. ನಾನು ಉಂಡೆ.